ಮಸ್ಟ್, ಶುಡ್, ಕ್ಯಾನ್, ಮೈಟ್: ಕನ್ನಡದ "ಬೇಕು", "ಬಹುದು" ಇಟ್ಕೊಂಡೇ ಇಂಗ್ಲಿಷ್ ಮೋಡಲ್‌ಗಳನ್ನ ಪ್ರಾಕ್ಟೀಸ್ ಮಾಡೋ ವಿಧಾನ

ಮಸ್ಟ್‌ಗೂ ಹ್ಯಾವ್ ಟುಗೂ ಏನ್ ವ್ಯತ್ಯಾಸ, ಶುಡ್ ಎಲ್ಲಿ ಹಾಕೋದು, "ಕ್ಯಾನ್ ಏಬಲ್ ಟು" ಅನ್ನೋದು ಸರಿನಾ, "ಮಸ್ಟ್ ಬಿ" ಅಂದ್ರೆ ಕಡ್ಡಾಯನಾ ಊಹೆನಾ. ಪದೇ ಪದೇ ಇದೇ ಪ್ರಶ್ನೆಗಳು ಬರ್ತಾ ಇರೋದ್ರಿಂದ ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಡೋ ಬದ್ಲು ಎಲ್ಲಾನೂ ಒಂದೇ ಕಡೆ ಬರೀತಿದೀನಿ. ಓದಿ ಬಿಟ್ರೆ ಉಪಯೋಗ ಇಲ್ಲ, ಪೆನ್ನು ಹಿಡ್ಕೊಂಡು ಮಾಡ್ಬೇಕು.

ಮೊದ್ಲು ಹೆಸರು. ಮೋಡಲ್ ವರ್ಬ್ ಅಂದ್ರೆ ಮುಖ್ಯ ಕ್ರಿಯಾಪದಕ್ಕಿಂತ ಮೊದ್ಲು ನಿಂತು ಆ ಕೆಲಸ ಕಡ್ಡಾಯನಾ, ಸಾಧ್ಯನಾ, ಸಲಹೆನಾ, ಬರೀ ಊಹೆನಾ ಅಂತ ತಿಳಿಸೋ ಸಹಾಯಕ ಕ್ರಿಯಾಪದ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್, ಒಟ್ಟು 9. ಇದ್ರ ಜೊತೆಗೆ ಹ್ಯಾವ್ ಟು, ಬಿ ಏಬಲ್ ಟು, ಆಟ್ ಟು, ಹ್ಯಾಡ್ ಬೆಟರ್, ಬಿ ಸಪೋಸ್ಡ್ ಟು ಅಂತ ಒಂದಷ್ಟು ನೆಂಟರಿದಾರೆ, ಅವ್ರಿಲ್ದೆ ಕೆಲಸ ನಡಿಯಲ್ಲ. ಇಲ್ಲಿ ನಾಲ್ಕೇ ವಿಷಯ ನೋಡೋಣ: ಕಡ್ಡಾಯ, ಸಾಮರ್ಥ್ಯ, ಸಲಹೆ, ಊಹೆ. ವಿಲ್, ವುಡ್ ಇನ್ನೊಂದ್ ಸಲ, ಅದೇ ಒಂದು ದೊಡ್ಡ ಕಥೆ.

ಸಾಮಾನ್ಯವಾಗಿ ಗ್ರಾಮರ್ ಪುಸ್ತಕದಲ್ಲಿ ಇಂಗ್ಲಿಷ್ ಪದ ಎಡಗಡೆ, ಅರ್ಥ ಬಲಗಡೆ ಇರುತ್ತೆ, ನೀವು ಅದನ್ನ ಬಾಯಿಪಾಠ ಮಾಡ್ತೀರ, ಆದ್ರೆ ಮಾತಾಡೋವಾಗ ತಲೇಲಿ ಮೊದ್ಲು ಬರೋದು ಕನ್ನಡ. "ಹೋಗ್ಬೇಕು" ಅಂತ ಮನಸ್ಸು ಹೇಳುತ್ತೆ, ಬಾಯಿ ಕೈಗೆ ಸಿಕ್ಕಿದ್ ಮಸ್ಟ್ ಎತ್ಕೊಳ್ಳುತ್ತೆ. ಅದಕ್ಕೆ ನಾನು ಹೇಳೋದು ಇಷ್ಟೇ, ಪಟ್ಟಿಯನ್ನ ಉಲ್ಟಾ ಮಾಡಿ, ಕನ್ನಡದಿಂದ ಶುರು ಮಾಡಿ, ಇದು ಯಾವ "ಬೇಕು", ಯಾವ "ಬಹುದು" ಅಂತ ಮೊದ್ಲು ಕೇಳ್ಕೊಳ್ಳಿ.

ಏನೇನ್ ಬೇಕು

ಒಂದು ನೋಟ್‌ಬುಕ್, ಫೋನಿನಲ್ಲಿರೋ ವಾಯ್ಸ್ ರೆಕಾರ್ಡರ್, ದಿನಕ್ಕೆ ಒಂದು 15–20 ನಿಮಿಷ. ಜೊತೆಗೊಬ್ರು ಪ್ರಾಕ್ಟೀಸ್ ಮಾಡೋರು ಸಿಕ್ರೆ ಒಳ್ಳೇದು, ತಂಗಿ ಆಗ್ಲಿ ರೂಮ್‌ಮೇಟ್ ಆಗ್ಲಿ. ದುಡ್ಡು ಕೊಟ್ಟು ಆ್ಯಪ್ ತಗೊಳ್ಳೋ ಅಗತ್ಯ ಇಲ್ಲ.

ಹಂತ 1: ಕಟ್ಟಡ ಸರಿ ಮಾಡ್ಕೊಳ್ಳಿ

ಇದು ಬೇಗ ಮುಗಿಯುತ್ತೆ. ಆ 9 ಮೋಡಲ್‌ಗಳಿಗೂ ಮೂರು ನಿಯಮ: ಮುಂದೆ "ಟು" ಬರಲ್ಲ, ಹೀ-ಶೀ ಜೊತೆ "ಎಸ್" ಸೇರಲ್ಲ, ಎರಡು ಮೋಡಲ್ ಒಟ್ಟಿಗೆ ನಿಲ್ಲಲ್ಲ. "ಐ ಮಸ್ಟ್ ಟು ಗೋ" ತಪ್ಪು, "ಐ ಮಸ್ಟ್ ಗೋ" ಸರಿ. "ಹೀ ಕ್ಯಾನ್ಸ್ ಡ್ರೈವ್" ತಪ್ಪು. "ಐ ವಿಲ್ ಕ್ಯಾನ್ ಕಮ್" ತಪ್ಪು, "ಐ ವಿಲ್ ಬಿ ಏಬಲ್ ಟು ಕಮ್" ಸರಿ. ಪ್ರಶ್ನೆ ಕೇಳೋಕೆ ಡೂ, ಡಿಡ್ ಬೇಡ, ಮೋಡಲ್‌ನೇ ಮುಂದಕ್ಕೆ ತಂದ್ರೆ ಸಾಕು: "ಕ್ಯಾನ್ ಯೂ ಸ್ವಿಮ್?"

ಆದ್ರೆ ಹ್ಯಾವ್ ಟು ಈ ಜಾತಿಗೆ ಸೇರಿದ್ದಲ್ಲ, ಅದು ಮಾಮೂಲಿ ಕ್ರಿಯಾಪದದ ಥರ ನಡ್ಕೊಳ್ಳುತ್ತೆ: "ಶೀ ಹ್ಯಾಸ್ ಟು ಗೋ", "ಡು ಯೂ ಹ್ಯಾವ್ ಟು ಗೋ?", "ಐ ಹ್ಯಾಡ್ ಟು ಗೋ". "ಹ್ಯಾವ್ ಯೂ ಟು ಗೋ?" ಅಂತ ಕೇಳೋಕೆ ಹೋಗ್ಬೇಡಿ.

ಎಲ್ಲಕ್ಕಿಂತ ಜಾಸ್ತಿ ಕಿವಿಗೆ ಬೀಳೋ ತಪ್ಪು "ಕ್ಯಾನ್ ಏಬಲ್ ಟು", "ಕುಡ್ ಏಬಲ್ ಟು". ಕ್ಯಾನ್ ಅಂದ್ರೇನೇ ಏಬಲ್ ಟು. "ಐ ಕ್ಯಾನ್ ಡು ಇಟ್" ಅನ್ನಿ, ಇಲ್ಲಾ "ಐ ಆ್ಯಮ್ ಏಬಲ್ ಟು ಡು ಇಟ್" ಅನ್ನಿ, ಎರಡನ್ನೂ ಬೆರೆಸ್ಬೇಡಿ. ಇಂಟರ್‌ವ್ಯೂಗಳಲ್ಲಿ ಇದೊಂದು ತಪ್ಪು ತಕ್ಷಣ ಎದ್ದು ಕಾಣುತ್ತೆ.

ಹಂತ 2: "ಬೇಕು" ಒಂದೇ ಅಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಅರ್ಧ ಗೊಂದಲ ಇಲ್ಲೇ ಇರೋದು. ಈ ಐದು ವಾಕ್ಯ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ:

ನಂಗೆ ಒಂದ್ಸಲ ಹಂಪಿ ನೋಡ್ಬೇಕು.
ನಾಳೆ ಆಫೀಸಿಗೆ ಎಂಟಕ್ಕೇ ಹೋಗ್ಬೇಕು, ಮೀಟಿಂಗ್ ಇಟ್ಟಿದಾರೆ.
ಹೆಲ್ಮೆಟ್ ಹಾಕಲೇಬೇಕು.
ಇಷ್ಟೊಂದು ಕೆಮ್ಮು ಇದೆ, ನೀನು ಡಾಕ್ಟರಿಗೆ ತೋರಿಸ್ಬೇಕು.
ಗಾಡಿ ನಿಂತಿದೆ, ಅವ್ರು ಮನೇಲೇ ಇರ್ಬೇಕು.

ಐದರಲ್ಲೂ ಬೇಕು ಇದೆ. ಇಂಗ್ಲಿಷಲ್ಲಿ ಮೊದಲ್ನೇದು ಆಸೆ, ಅಲ್ಲಿ ಮೋಡಲ್ಲೇ ಬೇಡ, "ಐ ವಾಂಟ್ ಟು ಸೀ ಹಂಪಿ". ಎರಡನೇದು ಹೊರಗಿನಿಂದ ಬಂದ ಒತ್ತಡ, ನೀವಾಗಿ ಇಟ್ಕೊಂಡಿದ್ದಲ್ಲ, "ಐ ಹ್ಯಾವ್ ಟು ಬಿ ಅಟ್ ದಿ ಆಫೀಸ್ ಬೈ ಏಟ್". ಮೂರನೇದು ನಿಯಮ, ಬೋರ್ಡಲ್ಲಿ ಬರೆಯೋ ಥರದ್ದು, "ರೈಡರ್ಸ್ ಮಸ್ಟ್ ವೇರ್ ಎ ಹೆಲ್ಮೆಟ್". ನಾಲ್ಕನೇದು ಸಲಹೆ, "ಯೂ ಶುಡ್ ಸೀ ಎ ಡಾಕ್ಟರ್". ಐದನೇದು ಊಹೆ, "ದೇ ಮಸ್ಟ್ ಬಿ ಅಟ್ ಹೋಮ್".

ಹಾಗಾಗಿ ಬೇಕು ಬಂದಾಗೆಲ್ಲ ಈ ಪ್ರಶ್ನೆ ಕೇಳ್ಕೊಳ್ಳಿ: ಇದು ಯಾರ ಬೇಕು? ನನ್ನ ಆಸೆನಾ, ಬೇರೆಯವ್ರ ಒತ್ತಡನಾ, ರೂಲ್ಸಾ, ಒಳ್ಳೇದಾಗ್ಲಿ ಅಂತ ಹೇಳೋ ಮಾತಾ, ಇಲ್ಲಾ ಸುತ್ತಮುತ್ತ ನೋಡಿ ಲೆಕ್ಕ ಹಾಕಿದ್ದಾ? ಉತ್ತರ ಸಿಕ್ಕಿದ್ರೆ ಪದ ತಾನಾಗೇ ಸಿಗುತ್ತೆ.

ಈಗ ಮಸ್ಟ್ ಮತ್ತೆ ಹ್ಯಾವ್ ಟು. ಪುಸ್ತಕಗಳು ಹೇಳೋ ವ್ಯತ್ಯಾಸ ಏನಂದ್ರೆ ಮಸ್ಟ್‌ನಲ್ಲಿ ಒತ್ತಡ ಹಾಕ್ತಿರೋದು ಮಾತಾಡೋರೇ, ಹ್ಯಾವ್ ಟುನಲ್ಲಿ ಒತ್ತಡ ಪರಿಸ್ಥಿತಿಯಿಂದ ಬರುತ್ತೆ. ಇದು ನಿಜ, ಆದ್ರೆ ದಿನಬಳಕೆ ಮಾತಲ್ಲಿ, ಅದ್ರಲ್ಲೂ ಅಮೆರಿಕನ್ನರ ಮಾತಲ್ಲಿ, ಕಡ್ಡಾಯಕ್ಕೆ ಮಸ್ಟ್ ಕಮ್ಮಿ, ಎಲ್ಲಾ ಹ್ಯಾವ್ ಟುನೇ. ಬಾಯ್ಮಾತಿಗೆ ಹ್ಯಾವ್ ಟು, ನೋಟೀಸು-ರೂಲ್ಸಿಗೆ ಮಸ್ಟ್ ಅಂತ ಇಟ್ಕೊಂಡ್ರೆ ನೂರಕ್ಕೆ ತೊಂಬತ್ತು ಸಲ ಬಚಾವ್. ಮ್ಯಾನೇಜರಿಗೆ "ಯೂ ಮಸ್ಟ್ ಅಪ್ರೂವ್ ಮೈ ಲೀವ್" ಅಂತ ಮೇಲ್ ಹಾಕಿದ್ರೆ ಆಜ್ಞೆ ಮಾಡ್ದಂಗಿರುತ್ತೆ. "ಮಸ್ಟ್ ಯೂ ಸಿಂಗ್ ನೌ?" ಅಂತ ಪ್ರಶ್ನೆಯಲ್ಲಿ ಬಂದ್ರೆ ಅದು ಕಿರಿಕಿರಿ, "ಈಗ್ಲೇ ಹಾಡ್ಬೇಕಾ ನಿಂಗೆ" ಅನ್ನೋ ಥರ.

ಮಸ್ಟ್‌ಗೂ ಶುಡ್‌ಗೂ ಇರೋ ದೂರ ಎಷ್ಟು ಅಂತ ನೋಡೋಕೆ ಎರಡು ಒಳ್ಳೇ ಜಾಗ ಇದೆ. ಇಂಗ್ಲೆಂಡಿಗೆ ಹೋಗಿ ಲೈಸೆನ್ಸ್ ತಗೊಳ್ಳೋರೆಲ್ಲ ಹೈವೇ ಕೋಡ್ ಅನ್ನೋ ಅಲ್ಲಿನ ರಸ್ತೆ ನಿಯಮಗಳ ಪುಸ್ತಕ ಓದ್ಲೇಬೇಕು, ಅದ್ರಲ್ಲಿ ಮಸ್ಟ್, ಮಸ್ಟ್ ನಾಟ್ ಅಂತ ದೊಡ್ಡಕ್ಷರದಲ್ಲಿದ್ರೆ ಅದು ಕಾನೂನು, ಮುರಿದ್ರೆ ಅಪರಾಧ. ಶುಡ್ ಅಂತಿದ್ರೆ ಸಲಹೆ, ಪಾಲಿಸ್ದೇ ಇದ್ದ ಮಾತ್ರಕ್ಕೇ ಕೇಸ್ ಆಗಲ್ಲ, ಆದ್ರೆ ಆಕ್ಸಿಡೆಂಟ್ ಆಗಿ ಕೋರ್ಟಿಗೆ ಹೋದ್ರೆ ಅದನ್ನ ನಿಮ್ ವಿರುದ್ಧ ಎತ್ತಬಹುದು. ಇನ್ನೊಂದು ಸಾಫ್ಟ್‌ವೇರ್‌ನವ್ರಿಗೆ ಗೊತ್ತಿರೋದು, 1997ರ ಆರ್‌ಎಫ್‌ಸಿ 2119. ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳಲ್ಲಿ ಮಸ್ಟ್, ಶುಡ್, ಮೇ ಅಂದ್ರೆ ಏನು ಅಂತ ತೀರ್ಮಾನ ಮಾಡೋಕೇ ಅಂತ ಬರೆದ ದಾಖಲೆ ಅದು: ಮಸ್ಟ್ ಅಂದ್ರೆ ಬೇರೆ ದಾರಿನೇ ಇಲ್ಲ, ಶುಡ್ ಅಂದ್ರೆ ಸರಿಯಾದ ಕಾರಣ ಇದ್ರೆ ಬಿಡಬಹುದು ಆದ್ರೆ ಪರಿಣಾಮ ಯೋಚ್ನೆ ಮಾಡಿ ಬಿಡಿ, ಮೇ ಅಂದ್ರೆ ನಿಮ್ಮಿಷ್ಟ. ಇಂಗ್ಲಿಷೇ ಮನೆಮಾತಾಗಿರೋ ಎಂಜಿನಿಯರ್‌ಗಳಿಗೂ ಇದನ್ನ ಬರೆದಿಡ್ಬೇಕು ಅನ್ಸಿದೆ, ನಿಮ್ಗೆ ಗೊಂದಲ ಆಗೋದ್ರಲ್ಲಿ ಆಶ್ಚರ್ಯ ಏನಿಲ್ಲ.

ಪ್ರಾಕ್ಟೀಸ್: ಒಂದಿನ ಪೂರ್ತಿ ನೀವು ಆಡೋ ಬೇಕುಗಳನ್ನ ಗಮನಿಸಿ, ಹತ್ತು ವಾಕ್ಯ ಬರ್ಕೊಳ್ಳಿ, ಪಕ್ಕದಲ್ಲಿ ಆಸೆ, ಒತ್ತಡ, ರೂಲ್, ಸಲಹೆ, ಊಹೆ ಇದ್ರಲ್ಲಿ ಯಾವ್ದು ಅಂತ ಗುರುತು ಹಾಕಿ, ಆಮೇಲೆ ಇಂಗ್ಲಿಷ್ ಮಾಡಿ. ಗುರುತು ಹಾಕ್ದೆ ನೇರ ಇಂಗ್ಲಿಷಿಗೆ ಹಾರ್ಬೇಡಿ.

ಹಂತ 3: "ಬಾರದು" ಬೇರೆ, "ಬೇಕಾಗಿಲ್ಲ" ಬೇರೆ

ಹ್ಯಾವ್ ಟು ಮತ್ತೆ ಮಸ್ಟ್, ಹೌದು ಅನ್ನೋವಾಗ ಅಕ್ಕಪಕ್ಕದ ಮನೆಯವ್ರು, ಇಲ್ಲ ಅನ್ನೋವಾಗ ದಿಕ್ಕೇ ಬೇರೆ. "ಯೂ ಮಸ್ಟ್ ನಾಟ್ ಕಮ್" ಅಂದ್ರೆ ಬರಲೇಬಾರ್ದು. "ಯೂ ಡೋಂಟ್ ಹ್ಯಾವ್ ಟು ಕಮ್" ಅಂದ್ರೆ ಬರ್ಬೇಕು ಅಂತೇನಿಲ್ಲ, ಬಂದ್ರೂ ಸರಿ ಬಿಟ್ರೂ ಸರಿ. ಸಮಾಧಾನದ ವಿಷಯ ಅಂದ್ರೆ ಕನ್ನಡದಲ್ಲೂ ಇದೇ ಭೇದ ಚೊಕ್ಕವಾಗಿದೆ: ಬಾರದು, ಕೂಡದು ಬಂದ್ರೆ ಮಸ್ಟ್ ನಾಟ್, ಬೇಕಾಗಿಲ್ಲ, ಬೇಕಿಲ್ಲ, ಬೇಕು ಅಂತಿಲ್ಲ ಬಂದ್ರೆ ಡೋಂಟ್ ಹ್ಯಾವ್ ಟು, ಇಲ್ಲಾ ಡೋಂಟ್ ನೀಡ್ ಟು.

ಎಡವೋದು ಎಲ್ಲಿ ಅಂದ್ರೆ, ಬೇಕು ಅಂದ್ರೆ ಮಸ್ಟ್, ಅದಕ್ಕೆ ನಾಟ್ ಸೇರಿಸಿದ್ರೆ ಬೇಕಾಗಿಲ್ಲ ಅಂತ ಲೆಕ್ಕ ಹಾಕ್ತೀರಲ್ಲ, ಅಲ್ಲಿ. ಊಟಕ್ಕೆ ಕರೆದಿರೋರಿಗೆ "ಯೂ ಮಸ್ಟ್ ನಾಟ್ ಬ್ರಿಂಗ್ ಎನಿಥಿಂಗ್" ಅಂದ್ರೆ ಏನಾದ್ರೂ ತಂದೀರಾ ಜೋಕೆ ಅಂದಂಗೆ. ಔಷಧಿ ವಿಷಯದಲ್ಲಂತೂ ಇದು ಅಪಾಯ, "ಊಟಕ್ಕೆ ಮುಂಚೆ ತಗೋಬಾರ್ದು" ಮತ್ತೆ "ಊಟಕ್ಕೆ ಮುಂಚೆನೇ ತಗೋಬೇಕು ಅಂತಿಲ್ಲ" ಎರಡೂ ಒಂದೇ ಅಲ್ವಲ್ಲ.

ಒಂದು ಉಚ್ಚಾರಣೆ ವಿಷಯ: ಮಸ್ಟ್ ನಾಟ್ ಸೇರಿ ಚಿಕ್ಕದಾದಾಗ ಮೊದಲ್ನೇ "ಟಿ" ಮಾತಾಡಲ್ಲ, "ಮಸಂಟ್" ಅಂತ ಕೇಳುತ್ತೆ. ಶುಡ್, ಕುಡ್, ವುಡ್‌ನಲ್ಲಿ "ಎಲ್" ಬರೆಯೋಕೆ ಮಾತ್ರ, ಹೇಳೋಕಲ್ಲ.

ಹಂತ 4: ಸಾಮರ್ಥ್ಯ

ಇಲ್ಲಿ ಕಥೆ ಉಲ್ಟಾ, ನಮ್ಮಲ್ಲಿ ಮೂರು ಥರ ಇರೋದು ಅವ್ರಿಗೆ ಒಂದೇ. "ನಂಗೆ ಈಜೋಕೆ ಬರುತ್ತೆ" ಕಲಿತ ವಿದ್ಯೆ, "ನಾಳೆ ಬರೋಕಾಗುತ್ತೆ" ಅನುಕೂಲ, "ಇಲ್ಲಿ ಗಾಡಿ ನಿಲ್ಲಿಸಬಹುದು" ಅನುಮತಿ. ಮೂರಕ್ಕೂ ಕ್ಯಾನ್ ಸಾಕು. "ಐ ನೋ ಸ್ವಿಮ್ಮಿಂಗ್" ಅಂತ ನಮ್ಮ ಕಡೆ ಎಲ್ಲರೂ ಹೇಳ್ತೀವಿ, "ಐ ಕ್ಯಾನ್ ಸ್ವಿಮ್" ಅನ್ನೋದು ಸಹಜ.

ತೊಡಕು ಇರೋದು ಭೂತಕಾಲದಲ್ಲಿ. ಹಿಂದೆ ಸಾಮಾನ್ಯವಾಗಿ ಇದ್ದ ಶಕ್ತಿಗೆ ಕುಡ್: "ಚಿಕ್ಕವನಿದ್ದಾಗ ಮರ ಹತ್ತೋಕ್ ಬರ್ತಿತ್ತು" ಅನ್ನೋದು "ಐ ಕುಡ್ ಕ್ಲೈಂಬ್ ಟ್ರೀಸ್". ಆದ್ರೆ ಒಂದು ನಿರ್ದಿಷ್ಟ ಸಲ ಪ್ರಯತ್ನ ಪಟ್ಟು ಆಯ್ತು ಅನ್ನೋದಕ್ಕೆ ಕುಡ್ ಬರಲ್ಲ. "ನಿನ್ನೆ ಅಂತೂ ಟಿಕೆಟ್ ತಗೊಳ್ಳೋಕಾಯ್ತು" ಅಂದ್ರೆ "ಐ ವಾಸ್ ಏಬಲ್ ಟು ಗೆಟ್ ಎ ಟಿಕೆಟ್" ಇಲ್ಲಾ "ಐ ಮ್ಯಾನೇಜ್ಡ್ ಟು ಗೆಟ್ ಎ ಟಿಕೆಟ್". "ಐ ಕುಡ್ ಗೆಟ್ ಎ ಟಿಕೆಟ್" ಅಂದ್ರೆ ಕೇಳೋರು ಸಿಗಬಹುದಿತ್ತು ಅಂತ ಅಂದ್ಕೋಬಹುದು. ಆಗ್ಲಿಲ್ಲ ಅನ್ನೋಕೆ ಈ ತಲೆನೋವಿಲ್ಲ, "ಐ ಕುಡ್‌ಂಟ್ ಗೆಟ್ ಎ ಟಿಕೆಟ್" ಧಾರಾಳವಾಗಿ ಹೇಳಿ. ಕಾಣಿಸ್ತು, ಕೇಳಿಸ್ತು, ಅರ್ಥ ಆಯ್ತು ಅನ್ನೋವಕ್ಕೂ ಕುಡ್ ನಡಿಯುತ್ತೆ: "ಐ ಕುಡ್ ಹಿಯರ್ ಸಮ್‌ವನ್ ಕಾಲಿಂಗ್".

ಫೋನಲ್ಲಿ ಮಾತಾಡೋವಾಗ ಒಂದು ಎಚ್ಚರಿಕೆ, ಅಮೆರಿಕನ್ನರು ಕ್ಯಾನ್ ಅನ್ನ ಒತ್ತಿ ಹೇಳಲ್ಲ, "ಕನ್" ಅಂತ ತೇಲಿಸ್ತಾರೆ, ಕ್ಯಾಂಟ್ (ಬ್ರಿಟಿಷರ ಬಾಯಲ್ಲಿ ಕಾಂಟ್) ಅನ್ನ ಮಾತ್ರ ಒತ್ತುತ್ತಾರೆ, ಕೊನೆ "ಟಿ" ನುಂಗಿಬಿಡ್ತಾರೆ. ನೀವು ಹೌದು ಅನ್ನೋವಾಗ ಕ್ಯಾನ್ ಅನ್ನ ಗಟ್ಟಿಯಾಗಿ ಹೇಳಿದ್ರೆ ಅವ್ರ ಕಿವಿಗೆ ಇಲ್ಲ ಅಂತ ಬೀಳೋ ಸಾಧ್ಯತೆ ಇದೆ. ಮುಖ್ಯವಾದ ವಿಷಯ ಆದ್ರೆ "ಯೆಸ್, ಐ ಕ್ಯಾನ್", "ನೋ, ಐ ಕ್ಯಾನಾಟ್" ಅಂತ ಬಿಡಿಸಿ ಹೇಳಿ.

ಹಂತ 5: ಸಲಹೆ ಕೊಡೋವಾಗ ಎದುರಿಗಿರೋರು ಯಾರು ನೋಡಿ

ಶುಡ್ ಸಾಮಾನ್ಯ ಸಲಹೆ. ಆಟ್ ಟು ಅದೇ ಅರ್ಥ, ಸ್ವಲ್ಪ ಗಂಭೀರ, ಬಳಕೆ ಕಮ್ಮಿ. ಹ್ಯಾಡ್ ಬೆಟರ್ ಹುಷಾರು: ಹ್ಯಾಡ್ ಇದೆ ಅಂತ ಅದು ಭೂತಕಾಲ ಅಲ್ಲ, ಬೆಟರ್ ಇದೆ ಅಂತ ಮೆತ್ತಗಿನ ಮಾತೂ ಅಲ್ಲ. "ಯೂ ಹ್ಯಾಡ್ ಬೆಟರ್ ಪೇ ಟುಡೇ" ಅಂದ್ರೆ ಇವತ್ತು ಕಟ್ಟಿದ್ರೆ ಸರಿ, ಇಲ್ಲಾಂದ್ರೆ ನೋಡು ಅನ್ನೋ ಛಾಯೆ ಇದೆ. ಗೆಳೆಯನಿಗೆ ಪರ್ವಾಗಿಲ್ಲ, ಅತ್ತೆ-ಮಾವಂಗೂ ಕ್ಲೈಂಟಿಗೂ ಬೇಡ.

ಕನ್ನಡದಲ್ಲಿ ಹಿರಿಯರಿಗೆ ಸಲಹೆ ಕೊಡೋವಾಗ "ಹೋಗಿ" ಅನ್ನಲ್ಲ, "ಒಂದ್ಸಲ ತೋರಿಸ್ಕೊಂಡ್ ಬಂದ್ರೆ ಒಳ್ಳೇದಿತ್ತೇನೋ" ಅಂತೀವಿ ಅಲ್ವಾ. ಆ ತಗ್ಗಿಸಿದ ದನಿಗೆ ಇಂಗ್ಲಿಷಲ್ಲಿ "ಯೂ ಮೈಟ್ ವಾಂಟ್ ಟು ಸೀ ಎ ಡಾಕ್ಟರ್", "ಇಟ್ ಮೈಟ್ ಬಿ ಬೆಟರ್ ಟು ವೇಟ್", "ಪರ್ಹ್ಯಾಪ್ಸ್ ವಿ ಶುಡ್ ವೇಟ್". ಮೈಟ್ ಮತ್ತೆ "ಯೂ" ಬದ್ಲಿಗೆ "ವಿ", ಈ ಎರಡು ಬದಲಾವಣೆ ಸಾಕು, ಮಾತಿನ ಚೂಪು ಹೋಗುತ್ತೆ.

ಪ್ರಾಕ್ಟೀಸ್: ಒಂದೇ ಸಮಸ್ಯೆ ತಗೊಳ್ಳಿ, ಉದಾಹರಣೆಗೆ ಲ್ಯಾಪ್‌ಟಾಪ್ ಬಿಸಿ ಆಗ್ತಿದೆ. ತಮ್ಮನಿಗೆ, ಸಹೋದ್ಯೋಗಿಗೆ, ಬಾಸಿಗೆ ಮೂರು ದನಿಯಲ್ಲಿ ಸಲಹೆ ಹೇಳಿ ರೆಕಾರ್ಡ್ ಮಾಡಿ, ತಿರುಗಿ ಕೇಳಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಇದು ಉಪಯೋಗ, ಸಂಭಾಷಣೆ ಕೊಟ್ಟು ಇದು ಕೋರಿಕೆನಾ, ಸಲಹೆನಾ, ಅನುಮತಿನಾ ಗುರುತಿಸಿ ಅಂತ ಕೇಳೋ "ಲ್ಯಾಂಗ್ವೇಜ್ ಫಂಕ್ಷನ್" ಪ್ರಶ್ನೆ ಬಿಡಿಸೋಕೆ ಈ ಕಿವಿನೇ ಬೇಕಾಗಿರೋದು.

ಹಂತ 6: ಊಹೆ, ಪತ್ತೇದಾರಿ ಕೆಲಸ

ನಂಗೆ ತುಂಬಾ ಇಷ್ಟವಾದ ಭಾಗ ಇದು. ಕಣ್ಣಿಗೆ ಕಂಡ ಸುಳಿವಿನಿಂದ ಕಾಣದೇ ಇರೋದನ್ನ ಲೆಕ್ಕ ಹಾಕೋದು, ಮೋಡಲ್ ಬದಲಾದಂಗೆ ನಿಮ್ಮ ಖಾತ್ರಿ ಎಷ್ಟು ಅಂತ ಬದಲಾಗುತ್ತೆ. ಪಕ್ಕದ್ಮನೆ ಬೆಲ್ ಒತ್ತಿದೀರಿ, ಯಾರೂ ಬಾಗಿಲು ತೆಗೀಲಿಲ್ಲ ಅಂತ ಇಟ್ಕೊಳ್ಳಿ.

ಒಳಗಡೆ ಕುಕ್ಕರ್ ಕೂಗ್ತಿದೆ: "ದೇ ಮಸ್ಟ್ ಬಿ ಇನ್", ಇರಲೇಬೇಕು, ಹೆಚ್ಚುಕಮ್ಮಿ ಗ್ಯಾರಂಟಿ.
ಒಂದ್ ಜೊತೆ ಚಪ್ಪಲಿ ಹೊರಗಿದೆ: "ದೇ ಮೈಟ್ ಬಿ ಇನ್", ಇರಬಹುದು. ಇಲ್ಲಿ ಮೇ, ಕುಡ್ ಕೂಡ ನಡಿಯುತ್ತೆ.
ಸ್ಕೂಟರ್ ಕಾಣ್ತಿಲ್ಲ: "ದೇ ಮೈಟ್ ನಾಟ್ ಬಿ ಇನ್", ಇರಲಿಕ್ಕಿಲ್ಲ, ಇಲ್ದೇನೂ ಇರಬಹುದು.
ಬೆಳಿಗ್ಗೆ ಊರಿಗೆ ಬಸ್ ಹತ್ತಿದ್ದನ್ನ ನೀವೇ ನೋಡಿದೀರಿ: "ದೇ ಕಾಂಟ್ ಬಿ ಇನ್", ಇರೋಕೆ ಸಾಧ್ಯಾನೇ ಇಲ್ಲ.

ಇಲ್ಲಿ ಮೂರು ಗುಂಡಿ. ಮೊದಲ್ನೇದು, ಊಹೆಯ ಮಸ್ಟ್‌ಗೆ ಎದುರು ಪದ ಮಸ್ಟ್ ನಾಟ್ ಅಲ್ಲ, ಕಾಂಟ್. ಅಮೆರಿಕನ್ನರು "ಹೀ ಮಸ್ಟ್ ನಾಟ್ ಬಿ ಹೋಮ್" ಅಂತ ಹೇಳೋದು ಕೇಳಿಸಿದ್ರೆ ಗಾಬರಿ ಆಗ್ಬೇಡಿ, ಅಲ್ಲಿ ಅದು ಮನೇಲಿಲ್ಲ ಅಂತ ಕಾಣುತ್ತೆ ಅನ್ನೋ ಊಹೆ. ಎರಡನೇದು, ಮೈಟ್ ನಾಟ್ ಬೇರೆ, ಕುಡ್‌ಂಟ್ ಬೇರೆ, ಹೌದು ಅನ್ನೋವಾಗ ಮಾತ್ರ ಇಬ್ರೂ ಒಂದೇ. "ಹೀ ಕುಡ್‌ಂಟ್ ಬಿ ದಿ ಥೀಫ್" ಅಂದ್ರೆ ಅವನು ಕಳ್ಳ ಆಗಿರೋಕೆ ಸಾಧ್ಯಾನೇ ಇಲ್ಲ. ಮೂರನೇದು ನಮ್ಮದೇ ಗುಂಡಿ: ಬಹುದು ಅಂದ್ರೆ ಕ್ಯಾನ್ ಅಂತ ಕಲ್ತಿರೋದ್ರಿಂದ "ಇವತ್ತು ಮಳೆ ಬರಬಹುದು" ಅನ್ನೋದನ್ನ "ಇಟ್ ಕ್ಯಾನ್ ರೇನ್ ಟುಡೇ" ಅಂತೀವಿ. ಒಂದು ನಿರ್ದಿಷ್ಟ ಸಂದರ್ಭದ ಊಹೆಗೆ ಕ್ಯಾನ್ ಬರಲ್ಲ, ಮೇ, ಮೈಟ್, ಕುಡ್ ಹಾಕಿ. "ಬೆಂಗಳೂರಲ್ಲಿ ಏಪ್ರಿಲ್‌ನಲ್ಲೂ ಆಲಿಕಲ್ಲು ಬೀಳಬಹುದು" ಅನ್ನೋ ಥರದ ಸಾಮಾನ್ಯ ಮಾತಿಗೆ ಮಾತ್ರ ಕ್ಯಾನ್ ಸರಿ.

ಪ್ರಾಕ್ಟೀಸ್: ಬಸ್‌ಸ್ಟ್ಯಾಂಡಲ್ಲಿ ಕೂತಾಗ ಎದುರಿಗಿರೋ ಅಪರಿಚಿತರನ್ನ ನೋಡಿ ಮನಸ್ಸಲ್ಲೇ ನಾಲ್ಕು ವಾಕ್ಯ ಕಟ್ಟಿ, ದಿಟ್ಟಿಸಿ ನೋಡ್ಬೇಡಿ ಅಷ್ಟೇ. ಪ್ರತಿ ವಾಕ್ಯಕ್ಕೂ "ಬಿಕಾಸ್" ಸೇರಿಸಿ ಸುಳಿವು ಹೇಳ್ಬೇಕು, "ಶೀ ಮಸ್ಟ್ ಬಿ ಎ ನರ್ಸ್ ಬಿಕಾಸ್..." ಅಂತ. ಸುಳಿವು ಸಿಗ್ಲಿಲ್ಲ ಅಂದ್ರೆ ಮಸ್ಟ್ ತೆಗೆದು ಮೈಟ್ ಹಾಕಿ. ಬರೀ ಪದ ತುಂಬೋ ವ್ಯಾಯಾಮಕ್ಕಿಂತ ಇದು ಎಷ್ಟೋ ವಾಸಿ.

ಹಂತ 7: ಮುಗಿದುಹೋದ ವಿಷಯಕ್ಕೆ

ಹಿಂದೆ ನಡೆದಿದ್ದನ್ನ ಊಹೆ ಮಾಡೋಕೆ, ಇಲ್ಲಾ ಆಕ್ಷೇಪಣೆ ಮಾಡೋಕೆ ಮೋಡಲ್ ಮುಂದೆ ಹ್ಯಾವ್, ಅದ್ರ ಮುಂದೆ ಕ್ರಿಯಾಪದದ ಮೂರನೇ ರೂಪ. ಹೀ, ಶೀ ಬಂದ್ರೂ ಹ್ಯಾವ್ ಹ್ಯಾಸ್ ಆಗಲ್ಲ. ಕನ್ನಡದ ಬಾಲ ನೋಡಿ ಹಿಡೀಬಹುದು: "ಹೋಗಿರ್ಬೇಕು" ಮಸ್ಟ್ ಹ್ಯಾವ್ ಗಾನ್, "ಹೋಗಿರಬಹುದು" ಮೈಟ್ ಹ್ಯಾವ್ ಗಾನ್, "ಹೋಗಿರೋಕೆ ಸಾಧ್ಯಾನೇ ಇಲ್ಲ" ಕಾಂಟ್ ಹ್ಯಾವ್ ಗಾನ್, "ಹೋಗ್ಬೇಕಿತ್ತು" ಶುಡ್ ಹ್ಯಾವ್ ಗಾನ್, "ಹೋಗಬಹುದಿತ್ತು" ಕುಡ್ ಹ್ಯಾವ್ ಗಾನ್.

"ಹೋಗ್ಬೇಕಾಯ್ತು" ಮಾತ್ರ ಈ ಗುಂಪಿಗೆ ಸೇರಲ್ಲ, ಅದು "ಹ್ಯಾಡ್ ಟು ಗೋ", ಯಾಕಂದ್ರೆ ಕಡ್ಡಾಯದ ಮಸ್ಟ್‌ಗೆ ಭೂತಕಾಲವೇ ಇಲ್ಲ. "ಯೆಸ್ಟರ್‌ಡೇ ಐ ಮಸ್ಟ್ ಹ್ಯಾವ್ ಗಾನ್ ಟು ದಿ ಬ್ಯಾಂಕ್" ಅಂದ್ರೆ ನಿನ್ನೆ ಬ್ಯಾಂಕಿಗೆ ಹೋಗಿದ್ನೇನೋ, ನಂಗೇ ನೆನಪಿಲ್ಲ ಅಂದಂಗಾಗುತ್ತೆ. ಬರೆಯೋವಾಗ ಇನ್ನೊಂದು, "ಶುಡವ್" ಅಂತ ಕಿವಿಗೆ ಬೀಳೋದನ್ನ ಶುಡ್ ಆಫ್ ಅಂತ ಬರೀಬೇಡಿ, ಇಂಗ್ಲಿಷ್ ಮನೆಮಾತಾಗಿರೋರೂ ಮಾಡೋ ತಪ್ಪು ಅದು. ಟ್ರಾನ್ಸ್‌ಲೇಷನ್ ಆ್ಯಪ್‌ಗೆ ಹಾಕಿ ನೋಡೋರು ಬಿಡಿ ವಾಕ್ಯ ಹಾಕ್ಬೇಡಿ, ಹಿಂದಿನ ವಾಕ್ಯ ಸೇರಿಸಿ ಹಾಕಿ, ಇಲ್ಲಾಂದ್ರೆ ಯಾವ ಬೇಕು ಅಂತ ಅದಕ್ಕೆ ಗೊತ್ತಾಗೋ ದಾರಿ ಇಲ್ಲ.

ಈಗ ನೀವು ಮಾಡಿ

ಉತ್ತರ ಕೆಳಗಿದೆ, ಮುಚ್ಕೊಂಡು ಮಾಡಿ.

1. ಲೈಟ್ ಉರೀತಿದೆ, ಅವ್ರು ಇನ್ನೂ ಎದ್ದಿರ್ಬೇಕು.
2. ನಾಳೆ ರಜ, ಬೇಗ ಏಳ್ಬೇಕಾಗಿಲ್ಲ.
3. ಆ ವೈರ್ ಮುಟ್ಟಬಾರ್ದು.
4. ಬಸ್ ಕೆಟ್ಟೋಯ್ತು, ನಡ್ಕೊಂಡೇ ಬರ್ಬೇಕಾಯ್ತು.
5. ಅರ್ಧ ಗಂಟೆ ಒದ್ದಾಡಿ ಕೊನೆಗೂ ಬೀಗ ತೆಗೆಯೋಕಾಯ್ತು.
6. ಇದು ಅವ್ನ ಕೈಬರಹ ಆಗಿರೋಕೆ ಸಾಧ್ಯಾನೇ ಇಲ್ಲ.
7. ನೀನು ಮೊದ್ಲೇ ಹೇಳ್ಬೇಕಿತ್ತು.
8. ಅವ್ನು ಎಂಟು ಗಂಟೆಗೆ ಬರ್ಬೇಕಿತ್ತು.

ಉತ್ತರಗಳು: 1. ದೇ ಮಸ್ಟ್ ಸ್ಟಿಲ್ ಬಿ ಅವೇಕ್. 2. ಐ ಡೋಂಟ್ ಹ್ಯಾವ್ ಟು ಗೆಟ್ ಅಪ್ ಅರ್ಲಿ ಟುಮಾರೋ. 3. ಯೂ ಮಸ್ಟ್ ನಾಟ್ ಟಚ್ ದಟ್ ವೈರ್. 4. ಐ ಹ್ಯಾಡ್ ಟು ವಾಕ್. 5. ಐ ಮ್ಯಾನೇಜ್ಡ್ ಟು ಓಪನ್ ದಿ ಲಾಕ್, ವಾಸ್ ಏಬಲ್ ಟು ಆದ್ರೂ ಸರಿ, ಕುಡ್ ಹಾಕಿದ್ರೆ ಹಂತ 4 ಇನ್ನೊಂದ್ಸಲ ಓದಿ. 6. ದಿಸ್ ಕಾಂಟ್ ಬಿ ಹಿಸ್ ಹ್ಯಾಂಡ್‌ರೈಟಿಂಗ್. 7. ಯೂ ಶುಡ್ ಹ್ಯಾವ್ ಟೋಲ್ಡ್ ಮಿ ಅರ್ಲಿಯರ್. 8. ಇದಕ್ಕೆ ಎರಡು ಉತ್ತರ ಇದೆ: ಎಂಟಕ್ಕೆ ಬರೋದು ಅಂತ ಮಾತಾಗಿತ್ತು ಅನ್ನೋದಾದ್ರೆ "ಹೀ ವಾಸ್ ಸಪೋಸ್ಡ್ ಟು ಕಮ್ ಅಟ್ ಏಟ್", ಬರ್ದೆ ತಪ್ಪು ಮಾಡ್ದ ಅಂತ ಬೈಯ್ಯೋದಾದ್ರೆ "ಹೀ ಶುಡ್ ಹ್ಯಾವ್ ಕಮ್ ಅಟ್ ಏಟ್". ಯಾವ್ದು ಅಂತ ಗೊತ್ತಾಗ್ಬೇಕಾದ್ರೆ ಆ ಮಾತು ಹೇಳಿದೋರ ಮುಖ ನೋಡ್ಬೇಕು.